ಬಸ್ಸಿನ ಹಾಡಿನೊಳಗಿನ ಉಸಿರು

ಕಡಲೆ ರಾಶಿಯಾಗಿ ಮಾರ್ಕೆಟ್ಟಿಗೆ ಬರುವ ದಿನಗಳಲ್ಲಿ ರೋಣದ ಗದಗ ರಸ್ತೆಯ ಮೇಲೆ ಟ್ರ್ಯಾಕ್ಟರುಗಳು ಒಂದರ ಬೆನ್ನಿಗೊಂದು ನಿಂತುಬಿಡುತ್ತವೆ. ಡ್ರೈವರುಗಳು ಕೆಳಗಿಳಿದು ಚಹಾ ಕುಡಿಯಲು ಹೋದರೂ ಸೀಟಿನ ಹಿಂದಿನ ಸ್ಪೀಕರುಗಳು ಬಾಯಿ ಮುಚ್ಚುವುದಿಲ್ಲ. ಮೂರು ವರ್ಷದಿಂದ ಆ ಸ್ಪೀಕರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬಂದ ದನಿ ನಿರ್ಮಲಾಳದು. ಅದು ಅವಳದೆಂದು ಊರಲ್ಲಿ ನಾಲ್ಕೈದು ಜನರಿಗೆ ಗೊತ್ತಿತ್ತು. ಗೊತ್ತಿದ್ದವರೂ ಆ ಮಾತನ್ನು ಎತ್ತುತ್ತಿರಲಿಲ್ಲ.

ನಿರ್ಮಲಾ ಜಕ್ಕಲಿಯ ಮಗಳು, ರೋಣದ ಸೊಸೆ. ವಯಸ್ಸು ಮೂವತ್ತೇಳು. ಗಂಡ ಗುರುಪಾದನಿಗೆ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜಿನಲ್ಲಿ ಕೆಲಸ. ಅವಳು ಸರಕಾರಿ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುತ್ತಾಳೆ. ಇನ್ನೂರಾಹತ್ತು ಮಕ್ಕಳಿಗೆ ಅನ್ನ, ಸಾರು. ಜೊತೆಗೆ ಖಾತುನಬಿ ಇದ್ದಾಳೆ. ಖಾತುನಬಿಯದು ಮಾತು, ನಿರ್ಮಲಾಳದು ಕೆಲಸ ಎಂದು ಮಾಸ್ತರರು ನಗಾಡುತ್ತಾರೆ.

ಮೊದಲು ಹಾಗಿರಲಿಲ್ಲ. ನಿರ್ಮಲಾ ಮಾತೂ ಆಡುತ್ತಿದ್ದಳು, ಹಾಡೂ ಹೇಳುತ್ತಿದ್ದಳು. ಹಾಡು ಅವಳಿಗೆ ಅಜ್ಜಿಯಿಂದ ಬಂದದ್ದು. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ ತನಗರಿವಿಲ್ಲದೇ ಬಾಯಿಗೆ ಬರುತ್ತಿತ್ತು. ಅವಳ ಬಾಯಿಂದ ಅದನ್ನು ಕಲಿತವಳು ತಂಗಿ ಪೂಜಾ.

ತಾಯಿ ತೀರಿದಾಗ ನಿರ್ಮಲಾಳಿಗೆ ಹದಿನೇಳು, ಪೂಜಾಳಿಗೆ ಐದು. ಮದುವೆಯ ಮಾತು ಬಂದಾಗ ನಿರ್ಮಲಾ ಒಂದೇ ಮಾತು ಹೇಳಿದ್ದಳು: "ತಂಗಿ ನನ್ನ ಜೋಡಿ ಬರ್ತಾಳ." ಗುರುಪಾದ ಹೂಂ ಅಂದ. ಹಾಗೆ ಪೂಜಾ ಅಕ್ಕನ ಸೆರಗು ಹಿಡಿದುಕೊಂಡೇ ರೋಣಕ್ಕೆ ಬಂದಳು, ಇಲ್ಲೇ ಸಾಲಿ ಕಲಿತಳು, ಇಲ್ಲೇ ಕಾಲೇಜಿಗೆ ಹೋದಳು. ನಿರ್ಮಲಾಳಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಕೇಳಿದರೆ ಪೂಜಾಳನ್ನು ತೋರಿಸಿ, "ಹಡೀಲಾರದ ಬಂದಾಳ ನೋಡ್ರಿ" ಎಂದು ನಗುತ್ತಿದ್ದಳು.

ಪೂಜಾಳಿಗೆ ಸಣ್ಣಂದಿನಿಂದ ದಮ್ಮು. ಮಳೆಗಾಲ ಬಂದರೆ ದಿಂಬು ಎತ್ತರಿಸಿಕೊಂಡು ಕೂತೇ ಮಲಗಬೇಕು. ಆದರೂ ಹಾಡುವುದನ್ನು ಬಿಟ್ಟವಳಲ್ಲ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳ ಹಾಡು ಕೇಳಿದ ಶಶಿಕಾಂತ ಎಂಬವನು ಮನೆ ಹುಡುಕಿಕೊಂಡು ಬಂದ. ಗಜೇಂದ್ರಗಡದಲ್ಲಿ ಅವನದೊಂದು ರೆಕಾರ್ಡಿಂಗ್ ಸ್ಟುಡಿಯೋ. ತಾನೇ ಹಾಡು ಬರೆಯುತ್ತಿದ್ದ, ತಾನೇ ಡೋಲಕ್, ಕೀಬೋರ್ಡ್ ಕೂಡಿಸುತ್ತಿದ್ದ, ತಾನೇ ಯೂಟ್ಯೂಬಿಗೆ ಬಿಡುತ್ತಿದ್ದ. ಕೈಯಲ್ಲಿ ಒಂದು ಹಾಳೆ ಕೊಟ್ಟು, ಧಾಟಿ ಹೇಳಿಕೊಟ್ಟು ಹೋದ. ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಹುಡುಗಿಯೊಬ್ಬಳ ಹಾಡು.

*ಹ್ವಾದ ಬಸ್ಸಿನ ಧೂಳ ಉಳದೈತಿ ಕಣ್ಣಾಗ*
*ಕೈಬೀಸಿದವನ ಹೆಸರ ಕೇಳಲಿಲ್ಲ ನಾ*

ಪೂಜಾ ಒಂದು ತಿಂಗಳು ಆ ಹಾಡನ್ನು ಮನೆತುಂಬ ಹಾಡಿದಳು. ನಡುವೆ ಒಮ್ಮೆ ಶಶಿಕಾಂತ ಬಂದು ಅವಳ ತಾಲೀಮನ್ನು ತನ್ನ ಫೋನಿನಲ್ಲಿ ತುಂಬಿಕೊಂಡೂ ಹೋದ. ಎರಡನೇ ಸಾಲಿನಲ್ಲಿ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. 'ಕೈಬೀ' ಎಂದು ನಿಂತು, ಸಣ್ಣಗೆ ಉಸಿರೆಳೆದು, 'ಸಿದವನ' ಎಂದು ಮುಂದುವರಿಸುತ್ತಿದ್ದಳು.

"ಮಾತಿನ ನಡುವ ಮುರೀಬ್ಯಾಡ, ಪೂಜಾ. ಮೊದಲ ಉಸರ ತಗೊಂಡ ಏರು."

"ಎಲ್ಲಿ ತಗೊಂಡ್ರೂ ಅಲ್ಲೇ ಮುಗಿತೈತಿ, ಅಕ್ಕಾ. ಇರಲಿ ಬಿಡು, ಅದು ನನ್ನ ಸ್ಟಾಪು."

ಆಷಾಢದ ಒಂದು ಬೆಳಗಿನ ಜಾವ ಪೂಜಾಳಿಗೆ ದಮ್ಮು ಏರಿತು. ದಮ್ಮಿನ ಔಷಧದ ಪಂಪು ಎಳೆದರೂ ಇಳಿಯಲಿಲ್ಲ. ಗುರುಪಾದ ಗ್ಯಾರೇಜಿನ ಮಾಲೀಕನ ಜೀಪು ತಂದ. ಗದಗ ಇನ್ನೂ ಹತ್ತು ಕಿಲೋಮೀಟರ್ ಇರುವಾಗ, ನಿರ್ಮಲಾಳ ತೊಡೆಯ ಮೇಲೆ, ಅವಳು ಬೆನ್ನು ತಿಕ್ಕುತ್ತಿರುವಾಗಲೇ ಪೂಜಾ ಸುಮ್ಮನಾದಳು. ಬೆನ್ನು ತಿಕ್ಕುವುದನ್ನು ನಿರ್ಮಲಾ ನಿಲ್ಲಿಸಲಿಲ್ಲ. ದವಾಖಾನೆಯ ಬಾಗಿಲಲ್ಲಿ ಗುರುಪಾದನೇ ಅವಳ ಕೈ ಹಿಡಿದು ಬಿಡಿಸಿದ.

ನಿರ್ಮಲಾ ಅಳಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಅಳಲಿಲ್ಲ. ಓಣಿಯ ಹೆಂಗಸರು ಅವಳ ಎದುರಿಗೆ ಕೂತು ತಾವೇ ಅತ್ತು, "ಒಂದ ಸಲ ಅತ್ತಬಿಡವಾ, ಹಗರ ಆಗ್ತೈತಿ" ಎಂದರು. ಅವಳು "ಹೂಂ" ಅಂದಳು. ಬಂದವರಿಗೆ ಚಹಾ ಇಟ್ಟಳು. ಸಕ್ಕರೆ ಹಾಕಿದ್ದಳೋ ಇಲ್ಲವೋ ಅವಳಿಗೆ ನೆನಪಿರುತ್ತಿರಲಿಲ್ಲ. ಕೈಗೆ ಬಿಸಿ ತಾಗಿದರೂ ಸ್ವಲ್ಪ ತಡವಾಗಿ ತಿಳಿಯುತ್ತಿತ್ತು.

ಹನ್ನೆರಡನೇ ದಿನ ಅವಳು ಪೂಜಾಳ ಪುಸ್ತಕಗಳನ್ನು ಒಂದೆಡೆ ಇಡುವಾಗ ಆ ಹಾಳೆ ಸಿಕ್ಕಿತು. ಶಶಿಕಾಂತನಿಗೆ ಯಾರೂ ಸುದ್ದಿ ಹೇಳಿರಲಿಲ್ಲ. ಹಾಳೆ ಅವನದು, ಅವನಿಗೆ ಮುಟ್ಟಿಸಬೇಕು ಎಂದಷ್ಟೇ ಅವಳಿಗೆ ಅನಿಸಿತು. ಮರುದಿನ ಗಜೇಂದ್ರಗಡದ ಬಸ್ಸು ಹತ್ತಿದಳು.

ಸ್ಟುಡಿಯೋ ಇದ್ದದ್ದು ನೇಕಾರರ ಓಣಿಯಲ್ಲಿ, ಒಂದು ಮನೆಯ ಮಾಳಿಗೆಯ ಮೇಲೆ. ಕೆಳಗೆ ಮಗ್ಗಗಳು. ನೇಕಾರರು ಮಧ್ಯಾಹ್ನ ಊಟಕ್ಕೆ ಎದ್ದಾಗ ಮಾತ್ರ ಸದ್ದು ನಿಲ್ಲುತ್ತದೆ. ಆ ಒಂದು ತಾಸಿನಲ್ಲೇ ಶಶಿಕಾಂತ ಹಾಡು ತುಂಬಿಕೊಳ್ಳುತ್ತಿದ್ದ. ಸುದ್ದಿ ಕೇಳಿ ಅವನು ಕುರ್ಚಿಯಲ್ಲಿ ಕುಸಿದ. ಕಂಪ್ಯೂಟರಿನ ಕಡೆ ನೋಡುತ್ತ, "ಮ್ಯೂಸಿಕ್ ಎಲ್ಲಾ ಕೂಡಿಸಿ ಇಟ್ಟಿದ್ನಿ, ಅಕ್ಕಾರ" ಎಂದ.

ಅವಳು ಹಾಳೆಯನ್ನು ಅವನ ಮುಂದಿಟ್ಟಳು.

"ನಿಮಗ ಬರ್ತೈತೇನ್ರಿ ಈ ಹಾಡು?"

"ಬರ್ತೈತಿ. ದಿನಾ ಕೇಳೀನಲ್ಲ."

"ಒಂದ ಸಲ ಹಾಡ್ರಿ ಹಂಗಾರ. ನಾ ಏನೂ ಮಾಡಂಗಿಲ್ಲ. ಸುಮ್ನ ಇರ್ಲಿ."

ಎರಡನೇ ಸಾಲಿನ ಮುಂದೆ ತಾನು ಇನ್ನೊಂದು ಸಾಲು ಹೊಸದಾಗಿ ಸೇರಿಸಿದ್ದಾಗಿ ಹೇಳಿ ಅದೇ ಹಾಳೆಯ ಕೆಳಗೆ ಬರೆದುಕೊಟ್ಟ. *ಹೊತ್ತ ಮುಣಗುತನ ಕ್ರಾಸಿನ್ಯಾಗ ನಿಂತ ನನ್ನ ನೆಳ್ಳ ನಾನ ತುಳದೇನಿ.* ಉದ್ದನೆಯ ಸಾಲು. ನಿರ್ಮಲಾ ಕಿವಿಗೆ ಹೆಡ್‌ಫೋನ್ ಹಾಕಿಸಿಕೊಂಡು ನಿಂತು ಹಾಡಿದಳು. ಒಂದೇ ಸಲ. ದುಃಖಪಟ್ಟು ಹಾಡಲಿಲ್ಲ, ಸಂತೋಷಪಟ್ಟೂ ಹಾಡಲಿಲ್ಲ. ನೀರು ತರಲು ಹೋದವಳು ಕೊಡ ತುಂಬಿಸಿ ಬರುವ ಹಾಗೆ ಹಾಡಿ ಮುಗಿಸಿದಳು. ಎರಡನೇ ಸಾಲಿನಲ್ಲಿ 'ಕೈಬೀ' ಎಂದು ನಿಂತು ಉಸಿರು ತೆಗೆದುಕೊಂಡು 'ಸಿದವನ' ಎಂದಳು. ಬೇಕೆಂದು ಮಾಡಿದ್ದಲ್ಲ. ಆ ಹಾಡು ಅವಳಿಗೆ ಗೊತ್ತಿದ್ದದ್ದೇ ಹಾಗೆ.

ಶಶಿಕಾಂತ ಹೆಡ್‌ಫೋನ್ ತೆಗೆದು, "ಇನ್ನೊಮ್ಮೆ ಬ್ಯಾಡ್ರಿ" ಎಂದ. ಅಷ್ಟರಲ್ಲಿ ಕೆಳಗೆ ಮಗ್ಗಗಳು ಸುರುವಾದವು.

ತಿಂಗಳ ಮೇಲೆ ಅವನು ಫೋನು ಮಾಡಿ ಹಾಡು ಬಿಡಲೇ ಎಂದು ಕೇಳಿದ. "ನಿಮ್ದ ಹಾಡು, ಬಿಡ್ರಿ" ಎಂದಳು. ಹೆಸರು ಬೇಡವೆಂದಳು. ಅವನು 'ಗಾಯನ: ನಿಮ್ಮಿ' ಎಂದು ಹಾಕಿದ. ನರಗುಂದದ ಗುಡ್ಡದ ಮೇಲೆ ಬೇರೊಬ್ಬ ಹುಡುಗಿಗೆ ಕೆಂಪು ಲಂಗ ತೊಡಿಸಿ, ಹಾಡಿಗೆ ತುಟಿ ಕೂಡಿಸಿ, ವಿಡಿಯೋ ಮಾಡಿದ. ಡೋಲಕ್ಕಿನ ಪೆಟ್ಟು ಹೆಚ್ಚಿಸಿದ, ಉಸಿರು ಒಡೆಯುವ ಜಾಗವೊಂದನ್ನು ಮಾತ್ರ ಖಾಲಿ ಬಿಟ್ಟ.

ಗಣಪತಿ ಹಬ್ಬದ ಹೊತ್ತಿಗೆ ಅದು ಒಂದನೇ ನಂಬರ್ ಹಾಡು. ಗದಗ, ಬಾಗಲಕೋಟಿ, ಬಿಜಾಪುರ, ಬೆಳಗಾವಿ, ಎಲ್ಲಿ ಡಿಜೆ ಇತ್ತೋ ಅಲ್ಲಿ ಬಸ್ಸಿನ ಹಾಡು. ವರ್ಷ ತುಂಬುವ ಮುಂಚೆ ನಾಲ್ಕು ಕೋಟಿ ಸಲ ಜನ ನೋಡಿದ್ದಾರೆಂದು ಗುರುಪಾದ ಮೊಬೈಲ್ ಹಿಡಿದುಕೊಂಡು ಬಂದು ತೋರಿಸಿದ. ಅವನ ಮುಖ ಅರಳಿತ್ತು. ಅವಳು ರೊಟ್ಟಿ ಬಡಿಯುತ್ತಿದ್ದಳು. "ಹೌದೇನು?" ಎಂದು ರೊಟ್ಟಿ ತಿರುವಿ ಹಾಕಿದಳು. ಗುರುಪಾದ ಮೊಬೈಲನ್ನು ಕಿಸೆಯಲ್ಲಿಟ್ಟ. ಆಮೇಲೆ ಅವನು ಅದರ ಮಾತು ತೆಗೆಯಲಿಲ್ಲ. ಗ್ಯಾರೇಜಿನಲ್ಲಿ ಯಾವನಾದರೂ ಆ ಹಾಡು ಹಚ್ಚಿದರೆ ಮಾತ್ರ ಸ್ಪ್ಯಾನರ್ ಕೆಳಗಿಟ್ಟು ಮುಗಿಯುವವರೆಗೆ ಸುಮ್ಮನೆ ಕೂಡುತ್ತಿದ್ದನಂತೆ. ಅವನ ಜೊತೆಗಾರರು ಹೇಳಿದ್ದು.

ಹಾಡು ಮದುವೆಗಳಲ್ಲಿ ಬಂತು, ಮೆರವಣಿಗೆಗಳಲ್ಲಿ ಬಂತು. 'ಕೈಬೀ' ಎಂದು ಉಸಿರು ಒಡೆಯುವ ಜಾಗದಲ್ಲಿ ಕುಣಿಯುವವರು ಒಂದು ಸೊಂಟದ ಪೆಟ್ಟು ಕೂಡಿಸಿದರು. ಅದು ಹಾಡುಗಾತಿಯ ನಖರಾ ಎಂದು ಎಲ್ಲರೂ ತಿಳಿದರು. ಬೇರೆ ಹಾಡುಗಾರರು ಅದೇ ಹಾಡು ಹಾಡುವಾಗ ಅಲ್ಲಿ ಇನ್ನಷ್ಟು ಜೋರಾಗಿ, ಮೈಕಿಗೆ ಬಾಯಿಟ್ಟು ಉಸಿರೆಳೆದರು. ನಿರ್ಮಲಾ ಎಲ್ಲವನ್ನೂ ನೋಡಿದಳು. ಬೇಜಾರಾಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮನೆಯಿದ್ದವರಿಗೆ ಹಾರ್ನಿನ ಸದ್ದು ಹೇಗೋ ಹಾಗೆ ಅವಳಿಗೆ ಆ ಹಾಡು. ಕೇಳುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ.

ಹೀಗೆ ಎರಡೂವರೆ ವರ್ಷ.

ಕಳೆದ ಜನವರಿಯಲ್ಲಿ ಶಾಲೆಯ ಗ್ಯಾದರಿಂಗಿನ ತಯಾರಿ ನಡೆದಿತ್ತು. ಏಳನೇ ಇಯತ್ತೆಯ ಹುಡುಗಿಯರು ಬಸ್ಸಿನ ಹಾಡಿಗೆ ಕುಣಿಯುವುದೆಂದು ಹಟ ಹಿಡಿದರು. ಮಧ್ಯಾಹ್ನ ಊಟದ ಹೊತ್ತಿಗೆ ಅಡುಗೆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಮೊಬೈಲ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿರುವಾಗ ಹೆಡ್ ಮಾಸ್ತರ್ ಪ್ರಾಣೇಶ ಬಂದರು. ಸಂಗೀತ ಬಲ್ಲವರು, ಕಚೇರಿ ಎಂದರೆ ಧಾರವಾಡದವರೆಗೂ ಹೋಗಿ ಬರುವವರು. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ.

"ಬಂದ್ ಮಾಡ್ರಿ ಅದನ್ನ. ಸಾಲ್ಯಾಗ ಇಂಥ ಟ್ರ್ಯಾಕ್ಟರ್ ಹಾಡು ಬ್ಯಾಡ."

"ಸರ, ಎಲ್ಲಾರೂ ಕುಣೀತಾರ್ರಿ ಇದಕ್ಕ. ನಂಬರ್ ಒನ್ ಐತ್ರಿ."

"ನಂಬರ್ ಒನ್ ಇದ್ರ ಚಲೋ ಅದ ಅಂತೇನು? ನಡಬರಕ ಉಸಿರ ಎಳೀತಾಳಲ್ಲ, ಅದ ಅಸಹ್ಯ. ಹಾಡು ಅನ್ನೂದು ಹಿಂಗ ಇರಬಾರದು." ಅವರು ಅಡುಗೆ ಕೋಣೆಯ ಕಡೆ ತಿರುಗಿದರು. "ಏನ್ರಿ ನಿರ್ಮಲಾ, ನೀವ ಹೇಳ್ರಿ. ನಿಮ್ಮ ಮಗಳು ಇದಕ್ಕ ಕುಣದ್ರ ನೀವು ಒಪ್ಪತಿದ್ರೇನು?"

ನಿರ್ಮಲಾಳ ಕೈಯಲ್ಲಿ ಅನ್ನದ ಸೌಟಿತ್ತು. ಖಾತುನಬಿ ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿದಳು. ಆ ದನಿ ಯಾರದೆಂದು ಖಾತುನಬಿಗೆ ಗೊತ್ತಿತ್ತು.

"ಸಾಲ್ಯಾಗ ನೀವು ಹೇಳಿದ್ದ ಆಗಬೇಕ್ರಿ, ಸರ" ಎಂದಳು ನಿರ್ಮಲಾ. ಮುಂದಿನ ಹುಡುಗನ ತಾಟಿಗೆ ಅನ್ನ ಹಾಕಿದಳು. ಸಂಜೆ ಖಾತುನಬಿ ಪಾತ್ರೆ ತಿಕ್ಕುತ್ತ, "ನಿನಗ ಏನೂ ಅನ್ಸಲಿಲ್ಲೇನ ಅಕ್ಕಾ?" ಎಂದು ಕೇಳಿದಾಗ ಅವಳು ನಿಜವಾಗಿ ಯೋಚಿಸಿ ನೋಡಿದಳು. ಏನೂ ಅನಿಸಿರಲಿಲ್ಲ. "ಇಲ್ಲವಾ" ಎಂದಳು.

ಅದೇ ವಾರ ಹೆಡ್ ಮಾಸ್ತರರ ತಾಯಿ ಭೀಮಾಬಾಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದರು. ಸೊಸೆ ಮೇಧಾ ಪೋಸ್ಟ್ ಆಫೀಸಿನಲ್ಲಿ ನೌಕರಿ ಮಾಡುವವಳು. ಮಧ್ಯಾಹ್ನ ಮೂರರಿಂದ ಆರರವರೆಗೆ ಯಾರಾದರೂ ಹತ್ತಿರ ಇರಬೇಕಿತ್ತು. ಮೇಧಾ ಬಂದು ಕೇಳಿದಾಗ ನಿರ್ಮಲಾ ಒಪ್ಪಿದಳು. ಸಂಜೆಯ ಹೊತ್ತು ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಅದು ವಾಸಿ.

ಭೀಮಾಬಾಯಿಗೆ ಎಪ್ಪತ್ತೆಂಟು. ಅವರ ಮಂಚ ಗದಗ ರಸ್ತೆಯ ಕಡೆಯ ಕಿಟಕಿಗೆ ಹತ್ತಿತ್ತು. ಹೊರಗೆ ಕಡಲೆಯ ಟ್ರ್ಯಾಕ್ಟರುಗಳ ಸಾಲು, ಸ್ಪೀಕರುಗಳ ಗದ್ದಲ. ಮೊದಲ ದಿನ ನಿರ್ಮಲಾ ಕಿಟಕಿ ಮುಚ್ಚಲು ಹೋದಳು.

"ಮುಚ್ಚಬ್ಯಾಡವಾ! ಅದೊಂದ ಅದ ನನಗ ಹೊತ್ತ ಕಳೀಲಿಕ್ಕೆ."

ಮುದುಕಿ ಮಲಗಿದಲ್ಲಿಂದಲೇ ಹಾಡು ಎಣಿಸುತ್ತಿದ್ದರು. ಇವತ್ತು ಯಾವ ಹಾಡು ಎಷ್ಟು ಸಲ ಹೋಯಿತು, ಯಾವುದು ಏರಿತು, ಯಾವುದು ಇಳಿಯಿತು, ಎಲ್ಲ ಬಾಯಿಪಾಠ. ಸಣ್ಣವರಿದ್ದಾಗ ಅವರು ಹತ್ತು ವರ್ಷ ಹಾರ್ಮೋನಿಯಂ ನುಡಿಸುವ ಪೇಟಿಮಾಸ್ತರರೊಬ್ಬರ ಹತ್ತಿರ ಹಾಡು ಕಲಿತವರು. ಮದುವೆಯಾದ ಮೇಲೆ ದೇವರ ಮುಂದೆ ಬಿಟ್ಟರೆ ಎಲ್ಲೂ ಹಾಡಲಿಲ್ಲ.

"ನಮ್ಮ ಪ್ರಾಣೇಶಗ ಇವೆಲ್ಲಾ ಹೊಲಸು ಹಾಡು" ಎಂದರು ಒಂದು ದಿನ. "ಅಂವಾ ತಿಳಕೊಂಡಾನ, ನಾಲ್ಕ ಮಂದಿ ಕೇಳಿದ್ದು ಸಂಗೀತ, ನಾಲ್ಕ ಕೋಟಿ ಮಂದಿ ಕೇಳಿದ್ದು ಗದ್ದಲ ಅಂತ. ಖರೇ ಹೇಳ್ತೀನಿ ಕೇಳು. ಊರೆಲ್ಲಾ ಕುಣಿಯೂ ಹಾಡನ್ನ ಒಬ್ಬರೂ ಕೇಳಿರೂದಿಲ್ಲ. ಕಾಲು ಕೇಳ್ತಾವ, ಕಿವಿ ಕೇಳೂದಿಲ್ಲ. ಪಾಪ, ಹಾಡಿದಾಕಿ ಒಳಗ ಕೂತು ಏನೋ ಹೇಳಲಿಕ್ಕೆ ಹತ್ತಿರತಾಳ."

ನಿರ್ಮಲಾ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾಡು ಬಂತು. ಭೀಮಾಬಾಯಿ ಬೆರಳೆತ್ತಿದರು. "ಇದು. ಮೂರು ವರ್ಷ ಆತು, ಇನ್ನೂ ಇಳದಿಲ್ಲ. ಎಲ್ಲಾರೂ ಡೋಲಕ್ಕಿಂದು ಅಂತಾರ. ಡೋಲಕ್ ಅಲ್ಲ. ಈಕಿ ದನಿ. ನೋಡು, ಈಕಿ ಮಂದಿಯಿಂದ ಏನೂ ಬೇಡೂದಿಲ್ಲ. ನನ್ನ ನೋಡ್ರಿ ಅನ್ನೂದಿಲ್ಲ. ಇಂಥ ಹಾಡಿನ್ಯಾಗ ಹಿಂಗ ಯಾರು ಹಾಡ್ತಾರ?"

ಎಣ್ಣೆ ತಿಕ್ಕುವ ಕೈ ನಿಂತಿರಲಿಲ್ಲ.

"ಆದ್ರ ಒಂದ ನನಗ ತಿಳೀವಲ್ದು" ಎಂದು ಮುದುಕಿ ತಮ್ಮಷ್ಟಕ್ಕೇ ಎಂಬಂತೆ ಮುಂದುವರಿಸಿದರು. "ಎರಡನೇ ಸಾಲಿನ್ಯಾಗ ಉಸಿರು ಒಡೀತದ. ನಖರಾ ಅಲ್ಲ ಅದು. ನಖರಾ ಮಾಡಾಕಿ ಮುಂದ ದನಿಗೆ ಬಳಕು ಕೊಡ್ತಾಳ, ಈಕಿ ಕೊಡೂದಿಲ್ಲ. ಖರೇನ ಉಸಿರು ಸಾಲದಾಕಿ ಒಡದಂಗ ಒಡೀತಾಳ. ಹಂಗಿದ್ರ ಮೂರನೇ ಸಾಲು ಅದರ ಎರಡ ಪಟ್ಟು ಉದ್ದ ಅದಲ್ಲ? ಅದನ್ನ ಒಂದ ದಮ್ಮಿನ್ಯಾಗ ಹಾಡ್ಯಾಳ! ಎರಡನೇ ಸಾಲಿನ್ಯಾಗ ಒಬ್ಬಾಕಿ, ಮೂರನೇ ಸಾಲಿನ್ಯಾಗ ಇನ್ನೊಬ್ಬಾಕಿ. ದನಿ ಒಂದ, ಉಸಿರು ಎರಡು. ಇದ್ಹ್ಯಾಂಗ?"

ಈಗ ಕೈ ನಿಂತಿತು.

ನಿರ್ಮಲಾ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟಳು. ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. "ಎರಡನೇ ಸಾಲಿಂದು ನಮ್ಮ ತಂಗಿ ಉಸರ್ರಿ, ಬಾಯಾರ" ಎಂಬ ಮಾತು ತಾನಾಗಿ ಬಂತು.

ಭೀಮಾಬಾಯಿ ಕುತ್ತಿಗೆ ತಿರುಗಿಸಿ ಅವಳನ್ನು ನೋಡಿದರು. "ಹಾಡಿದಾಕಿ ನೀನ?"

"ಹೌದ್ರಿ."

ಆಮೇಲೆ ಅವಳು ಎಲ್ಲ ಹೇಳಿದಳು. ದಮ್ಮು, ಜೀಪು, ಹಾಳೆ, ಮಗ್ಗ. ಮಾರ್ಕೆಟ್ಟಿನ ದರ ಹೇಳುವ ಹಾಗೆ ಒಂದೇ ಸಮನೆ ಹೇಳಿದಳು. ಮೂರನೇ ಸಾಲು ಆ ದಿನವೇ ಬರೆದುಕೊಟ್ಟದ್ದು, ಪೂಜಾ ಅದನ್ನು ಹಾಡಿಯೇ ಇರಲಿಲ್ಲ, ಆದ್ದರಿಂದ ಅಲ್ಲಿ ತನ್ನ ಉಸಿರೇ ಇದೆ ಎಂದಳು. ಕೊನೆಗೆ, "ಅಕಿ ಹ್ವಾದ ಮ್ಯಾಲ ನಾ ಅತ್ತಿಲ್ರಿ. ಒಂದ ಹನಿ ಬಂದಿಲ್ಲ. ನನ್ನಾಗ ಏನೋ ಕೆಟ್ಟೈತ್ರಿ" ಎಂದಳು.

"ಕೆಟ್ಟಿಲ್ಲ" ಎಂದರು ಭೀಮಾಬಾಯಿ. "ನನ್ನ ಈ ಕಾಲಿಗೆ ಆಪರೇಷನ್ ಮಾಡೂವಾಗ ಬೆನ್ನಿಗೆ ಸೂಜಿ ಚುಚ್ಚಿದ್ರು, ಸೊಂಟದ ಕೆಳಗ ಏನೂ ತಿಳೀಲಿಲ್ಲ. ಕಾಲು ಇರಲಿಲ್ಲೇನು?"

ಅಷ್ಟೇ ಹೇಳಿದರು. ಸಮಾಧಾನದ ಮಾತು ಬೇರೆ ಆಡಲಿಲ್ಲ. ಇನ್ನೊಂದು ಕಾಲನ್ನು ಮುಂದೆ ಮಾಡಿದರು. ನಿರ್ಮಲಾ ಬಟ್ಟಲು ಎತ್ತಿಕೊಂಡಳು.

ಹೊರಡುವಾಗ ಅವಳು, "ಸರ್‌ಗೆ ಹೇಳಬ್ಯಾಡ್ರಿ" ಎಂದಳು.

"ಹಾಡಿದಾಕಿ ಹೆಸರು ಹೇಳೂದಿಲ್ಲ. ಹಾಡಿನ ಸುದ್ದಿ ಹೇಳೂದು ನನ್ನ ಹಕ್ಕು."

ಆ ರವಿವಾರ ಭೀಮಾಬಾಯಿ ಮಗನನ್ನು ಮಂಚದ ಹತ್ತಿರ ಕೂಡಿಸಿಕೊಂಡು, ಡೋಲಕ್ಕಿನ ಕಡೆ ಲಕ್ಷ್ಯ ಕೊಡಬೇಡ ಎಂದು ತಾಕೀತು ಮಾಡಿ, ಹಾಡನ್ನು ಮೂರು ಸಲ ಕೇಳಿಸಿದರಂತೆ. ಮೊದಲ ಸಲ ಮಾಸ್ತರರು ನಕ್ಕರು, ಎರಡನೇ ಸಲ ಕೈಕಟ್ಟಿ ಕೂತರು, ಮೂರನೇ ಸಲ ಮುಗಿದ ಮೇಲೂ ಏಳಲಿಲ್ಲ. ಇದನ್ನು ಹೇಳಿದ್ದು ಮೇಧಾ.

ಸೋಮವಾರ ಪ್ರಾಣೇಶ ಮಾಸ್ತರರು ಅಡುಗೆ ಕೋಣೆಯ ಮುಂದಿನ ಕಟ್ಟೆಗೆ ಬಂದು ಹುಡುಗಿಯರನ್ನು ಕರೆದರು. "ಆ ಹಾಡಿಗೇ ಕುಣೀರಿ" ಎಂದರು. ಹುಡುಗಿಯರು ಕಿರುಚಿದರು. "ಇರ್ರಿ, ಇರ್ರಿ. ಒಂದ ಮಾತು. ಆ ಉಸಿರು ಬರತದಲ್ಲ, ಅಲ್ಲಿ ಸೊಂಟ ಬ್ಯಾಡ. ಅಲ್ಲಿ ಎಲ್ಲಾರೂ ನಿಂತ ಬಿಡ್ರಿ. ಕೈ ಎಲ್ಲಿರತದೋ ಅಲ್ಲೇ. ಅಕಿ ಉಸಿರು ತಗೊಂಡ ಮ್ಯಾಲೆ ಮುಂದ." ಒಬ್ಬ ಹುಡುಗಿ, "ಯಾಕ್ರಿ ಸರ?" ಎಂದಳು. ಮಾಸ್ತರರು, "ಒಬ್ಬರು ಉಸಿರು ತಗೊಳ್ಳೂವಾಗ ನಾವು ಸುಮ್ನ ಇರಬೇಕು" ಎಂದರು. ನಿರ್ಮಲಾಳ ಕಡೆ ನೋಡಲಿಲ್ಲ. ಅವರಿಗೆ ತಿಳಿದಿತ್ತೋ ಇಲ್ಲವೋ ಅವಳು ಇವತ್ತಿಗೂ ಕೇಳಿಲ್ಲ.

ಗ್ಯಾದರಿಂಗ್ ಫೆಬ್ರುವರಿಯ ಒಂದು ಸಂಜೆ. ಮೈದಾನದ ತುಂಬ ತಾಯಿ ತಂದೆಯರು, ಕಾಂಪೌಂಡಿನ ಮೇಲೆ ಹುಡುಗರು. ನಿರ್ಮಲಾ, ಖಾತುನಬಿ ಹಿಂದುಗಡೆ ಮಕ್ಕಳಿಗೆ ಹಂಚಲು ಉಪ್ಪಿಟ್ಟು ಮಾಡಿ ಬೋಗುಣಿಗಳನ್ನು ಮುಚ್ಚಿಟ್ಟು ನಿಂತಿದ್ದರು. ಬಸ್ಸಿನ ಹಾಡು ಸುರುವಾದಾಗ ಜನ ಸಿಳ್ಳೆ ಹೊಡೆದರು. ಹತ್ತು ಹುಡುಗಿಯರು ಹಳದಿ ಸೀರೆ ಎತ್ತಿ ಕಟ್ಟಿ ಕುಣಿದರು. ಎರಡನೇ ಸಾಲು ಬಂತು. 'ಕೈಬೀ' ಎಂದಿತು ಸ್ಪೀಕರು. ಹತ್ತೂ ಹುಡುಗಿಯರು ಎತ್ತಿದ ಕೈ ಎತ್ತಿದಲ್ಲೇ ಇಟ್ಟು ನಿಂತುಬಿಟ್ಟರು.

ಜನರು ಸೊಂಟದ ಪೆಟ್ಟಿಗೆ ಚಪ್ಪಾಳೆ ತಟ್ಟಲು ತಯಾರಾಗಿದ್ದರು. ಅದು ಬರದಿದ್ದಾಗ ಅವರ ಕೈಗಳೂ ನಿಂತವು. ಇಡೀ ಮೈದಾನ ಒಂದು ಕ್ಷಣ ಸುಮ್ಮನಾಯಿತು. ಆ ಸುಮ್ಮನಿಕೆಯಲ್ಲಿ ದೊಡ್ಡ ಸ್ಪೀಕರುಗಳಿಂದ ಒಂದು ಸಣ್ಣ ಉಸಿರು ಮಾತ್ರ ಹೊರಬಂತು. ಸ್ವಲ್ಪ ಸೀಟಿ ಹೊಡೆದಂಥ ಉಸಿರು.

ನಿರ್ಮಲಾ ಅದನ್ನು ಕೇಳಿದಳು. ಮೂರು ವರ್ಷದಲ್ಲಿ ಮೊದಲ ಸಲ ಕೇಳಿದಳು. ಪೂಜಾ ಪಕ್ಕದ ಕೋಣೆಯಲ್ಲಿದ್ದಾಗ ಕೇಳುತ್ತಿದ್ದ ಹಾಗೇ ಇತ್ತು.

ಹಾಡು ಮುಂದೆ ಹೋಯಿತು, ಸಿಳ್ಳೆಗಳು ಮತ್ತೆ ಎದ್ದವು. ನಿರ್ಮಲಾ ಅಲ್ಲಿದ್ದ ಅಕ್ಕಿ ಚೀಲದ ಮೇಲೆ ಕೂತಳು. ಕಣ್ಣಲ್ಲಿ ನೀರು ಬರಲಿಲ್ಲ. ಎದೆಯ ನಡುವೆ, ಬಹಳ ದಿನ ಕಟ್ಟಿದ್ದ ಕಾಲಿಗೆ ರಕ್ತ ಇಳಿಯುವಾಗ ಆಗುವಂತೆ ಚುರುಚುರು ಎಂದಿತು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನೋವು, ಅಷ್ಟೇ.

"ಏನಾತಕ್ಕಾ?" ಖಾತುನಬಿ ಬಗ್ಗಿದಳು.

"ಏನಿಲ್ಲ. ಕಾಲು ನೊಂದಾವು."

ಖಾತುನಬಿ ಅವಳ ಕೈಯಿಂದ ಸೌಟು ತೆಗೆದುಕೊಂಡು ತಾನೇ ಹಂಚಲು ಹೋದಳು. ಅವತ್ತು ಒಬ್ಬಳೇ ಇನ್ನೂರಾಹತ್ತು ಮಕ್ಕಳಿಗೂ ಹಂಚಿದಳು, ಒಂದೂ ಮಾತಾಡದೆ.

ಯುಗಾದಿಯ ಹೊತ್ತಿಗೆ ಭೀಮಾಬಾಯಿ ವಾಕರ್ ಹಿಡಿದು ನಡೆಯತೊಡಗಿದರು. ಈಗ ನಿರ್ಮಲಾ ಅಲ್ಲಿಗೆ ಕೆಲಸಕ್ಕೆಂದು ಹೋಗುವುದಿಲ್ಲ, ಸುಮ್ಮನೆ ಹೋಗುತ್ತಾಳೆ. ಒಂದೆರಡು ಸಲ ಮುದುಕಿ ದೇವರ ಹಾಡು ಹೇಳಿಕೊಡಲು ನೋಡಿದರು. ಅವಳು ಬಾಯಿ ತೆರೆದಳು, ದನಿ ಬಂತು, ಆದರೆ ಎರಡು ಸಾಲಿಗೆ ಸಾಕೆನಿಸಿತು. ಮುದುಕಿ ಒತ್ತಾಯ ಮಾಡಲಿಲ್ಲ. ಮನೆಯಲ್ಲಿ ಒಂದು ದಿನ ಅವಳು, "ಆ ಹಾಡು ಹಚ್ಚರಿ" ಎಂದಾಗ ಗುರುಪಾದನಿಗೆ ಯಾವ ಹಾಡು ಎಂದು ತಿಳಿಯಲೇ ಇಲ್ಲ. ತಿಳಿದ ಮೇಲೆ ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದ. ಇಬ್ಬರೂ ಊಟ ಬಿಟ್ಟು ಕೇಳಿದರು. "ಚಲೋ ಐತಿ" ಎಂದ ಅವನು. "ಹೂಂ" ಎಂದಳು ಅವಳು.

ಮೇ ತಿಂಗಳ ಸೂಟಿಯಲ್ಲಿ ಅವಳು ಮತ್ತೆ ಗಜೇಂದ್ರಗಡಕ್ಕೆ ಹೋದಳು. ಶಶಿಕಾಂತ ದಪ್ಪಗಾಗಿದ್ದ, ಗೋಡೆಗಳಿಗೆ ಹೊಸ ಸ್ಪಂಜು ಅಂಟಿಸಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಪೂಜಾ ತಾಲೀಮು ಮಾಡಿದ್ದು ನಿಮ್ಮ ಫೋನಿನ್ಯಾಗ ಏನಾರ ಐತೇನ್ರಿ?" ಎಂದು ಅವಳು ಮೊದಲು ಕೇಳಿದಳು.

ಅವನು ತಲೆ ತಗ್ಗಿಸಿದ. "ಆ ಫೋನು ಕೆಟ್ಟು ಎರಡ ವರ್ಷ ಆತ್ರಿ. ಏನೂ ಉಳದಿಲ್ಲ, ಅಕ್ಕಾರ."

ಅವಳು ಅದನ್ನು ನಿರೀಕ್ಷಿಸಿಯೇ ಬಂದಿದ್ದಳು. "ಹಂಗಾರ ಹಾಡಿನ ಕೆಳಗ ಹೆಸರು ಇರ್ತೈತೆಲ್ಲ, ಅಲ್ಲಿ ಅಕಿ ಹೆಸರು ಹಾಕ್ರಿ."

"ನಿಮ್ಮ ಹೆಸರ್ರಿ?"

"ನಂದೂ ಹಾಕ್ರಿ. ನಿಮ್ಮಿ ಅಲ್ಲ. ಪೂರ್ತಿ ಹೆಸರು."

ಅವನು ಕೂತು ಒಂದೊಂದೇ ಅಕ್ಷರ ಒತ್ತಿದ. 'ಗಾಯನ: ಪೂಜಾ ಮತ್ತು ನಿರ್ಮಲಾ, ಜಕ್ಕಲಿ.' ತೋರಿಸಿದ. ಅವಳು ಎರಡು ಸಲ ಓದಿದಳು. "ಪೂಜಾ ಯಾರಂತ ಯಾರರ ಕೇಳಿದ್ರ ಏನ್ ಹೇಳ್ಲಿ?" ಎಂದ.

"ಕೇಳಿದಾಗ ನನ್ನ ನಂಬರ್ ಕೊಡ್ರಿ."

ಕೆಳಗೆ ಮಗ್ಗಗಳು ನಿಂತವು. ಗಾಜಿನ ಆಚೆ, ಹೊಳೆಮಣ್ಣೂರಿನಿಂದ ಬಂದ ಒಬ್ಬ ಹುಡುಗಿ ಆಗಿನಿಂದ ಕಾಯುತ್ತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಶಶಿಕಾಂತ ಮೈಕಿನಲ್ಲಿ, "ನಗಕೋತ ಹಾಡಬೇಕವಾ, ನಗು ದನಿಯೊಳಗ ಕೇಳಿಸಬೇಕು" ಎಂದ. ಹುಡುಗಿ ಹಾಡಿದಳು. ಅವನು ತಲೆ ಅಲ್ಲಾಡಿಸಿ ಮತ್ತೆ ಹಾಡಿಸಿದ. ಮೂರನೇ ಸಲಕ್ಕೆ ಅವಳ ದನಿ ಮೇಲಿನ ಸ್ವರದಲ್ಲಿ ಸಣ್ಣಗೆ ಸವೆಯತೊಡಗಿತು.

ನಿರ್ಮಲಾ ಎದ್ದು ಹೋಗಬೇಕೆಂದಿದ್ದವಳು ಹೋಗಲಿಲ್ಲ.

"ಅಕಿಗೆ ಮೊದಲ ನೀರು ಕೊಡ್ರಿ" ಎಂದಳು. "ಗಂಟಲು ಆರೈತಿ. ಬೆಳಗಿನಿಂದ ಏನೂ ತಿಂದಿಲ್ಲ ಅನಸ್ತೈತಿ."

ಶಶಿಕಾಂತ ತಿರುಗಿ ನೋಡಿದ. ಅವಳೇ ಮೂಲೆಯ ಬಿಂದಿಗೆಯಿಂದ ಗ್ಲಾಸು ತುಂಬಿಕೊಂಡು, ಚೀಲದಲ್ಲಿದ್ದ ರೊಟ್ಟಿ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದು, ಗಾಜಿನ ಬಾಗಿಲನ್ನು ಮೊಣಕೈಯಿಂದ ನೂಕಿ ಒಳಗೆ ಹೋದಳು.